ಟ್ಯೂಬಾಕ್ಕೆ ಕಾಲು ಬೇಕು

ದಸರಾ ರಜೆಗೆಂದು ಶಾಲೆಯಿಂದ ಮನೆಗೆ ಬಂದ ಟ್ಯೂಬಾ ನಾಲ್ಕನೆಯ ದಿನವೇ ಬಿತ್ತು. ಬೇಕೆಂದು ಯಾರೂ ಬೀಳಿಸಲಿಲ್ಲ. ಹಜಾರದ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದರು. ತಮ್ಮ ಚೆಂಡು ಹುಡುಕುತ್ತ ಬಂದು ಮೊಣಕೈ ತಾಗಿಸಿದ, ಅಷ್ಟೆ. ಹಿತ್ತಾಳೆಯ ಆಸಾಮಿ ನುಣುಪು ನೆಲದ ಮೇಲೆ ಜಾರಿ, ಒಮ್ಮೆ ಗುಡುಗಿ, ಮಲಗಿಬಿಟ್ಟಿತು. ಒಂಬತ್ತನೆಯ ತರಗತಿಯ ಹುಡುಗಿ ಓಡಿಬಂದು ನೋಡಿದರೆ ಅಗಲ ಬಾಯಿಯ ಅಂಚು ದೊನ್ನೆಯ ಹಾಗೆ ಮಡಿಚಿಕೊಂಡಿತ್ತು.

ಟ್ಯೂಬಾ ಎಂದರೆ ಬ್ಯಾಂಡಿನಲ್ಲಿ 'ಬೂಂ ಬೂಂ' ಎಂದು ಉಳಿದ ವಾದ್ಯಗಳಿಗೆಲ್ಲ ತಳ ಹಾಕಿಕೊಡುವ ದೊಡ್ಡ ವಾದ್ಯ. 1835ರಲ್ಲಿ ಬರ್ಲಿನ್‌ನಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಸುರುಳಿ ಸುತ್ತಿದ ಕೊಳವೆಯನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ ಈ ಹುಡುಗಿ ಊದುವ ಇ-ಫ್ಲಾಟ್ ಟ್ಯೂಬಾ ಸುಮಾರು 13 ಅಡಿ. ಅದರ ಅಣ್ಣ ಬಿ-ಫ್ಲಾಟ್ 18 ಅಡಿ. ತೂಕ ಎಂಟು-ಒಂಬತ್ತು ಕಿಲೊ. ಇಷ್ಟು ಭಾರದ ವಾದ್ಯದ ಬಾಯಿಯ ತಗಡು ಮಾತ್ರ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಬಿದ್ದರೆ ತನ್ನ ಭಾರವೇ ತನಗೆ ಶತ್ರು.

ಬ್ಯಾಂಡ್ ಮೇಷ್ಟ್ರು ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದವರು. ಅವರು ಬೈಯಲಿಲ್ಲ. ಬೈದಿದ್ದರೆ ಹುಡುಗಿಗೆ ಎಷ್ಟೋ ಹಗುರವಾಗುತ್ತಿತ್ತು. ಮಡಿಚಿದ ಅಂಚನ್ನು ಬೆರಳಿನಿಂದ ಸವರಿ, "ಇದನ್ನ ನಾನು ತಟ್ಟಿ ಸರಿ ಮಾಡ್ತೀನಮ್ಮ. ಆದ್ರೆ ಗಟ್ಟಿ ಸ್ಟ್ಯಾಂಡ್ ಇಲ್ದೆ ಇನ್ನು ಇದು ಮನೆಗೆ ಬರೋ ಹಾಗಿಲ್ಲ" ಎಂದರು. ಮನೆಯಲ್ಲಿ ಅಭ್ಯಾಸವಿಲ್ಲದಿದ್ದರೆ ಜನವರಿ 26ರ ಕವಾಯತಿನಲ್ಲಿ ಟ್ಯೂಬಾ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ಆ ಇನ್ನೊಬ್ಬ ಹುಡುಗ ಆಗಲೇ ಬಾಗಿಲಲ್ಲಿ ನಿಂತಿದ್ದ.

"ಕೊಡಪಾನಕ್ಕೆ ಇಡೋ ಹಾಗೆ ಒಂದು ಸಿಂಬಿ ಸುತ್ತಿ ಕೊಟ್ರೆ ಸಾಲ್ದೇನ್ರಿ?" ಎಂದು ಅಮ್ಮ ಕೇಳಿದರು. ಕೊಡದ ಭಾರವೆಲ್ಲ ಹೊಟ್ಟೆಯಲ್ಲಿ, ಕೆಳಗೆ. ಟ್ಯೂಬಾವನ್ನು ಬಾಯಿ ಕೆಳಗೆ ಮಾಡಿ ನಿಲ್ಲಿಸಿದಾಗ ಸುರುಳಿ, ವಾಲ್ವುಗಳ ಭಾರವೆಲ್ಲ ಮೇಲೆ. ಸಿಂಬಿ ಅಲ್ಲಿಗೆ ಸೋತಿತು.

ಭಾನುವಾರ ಮೂವರೂ ಆಟೊದಲ್ಲಿ ವಾದ್ಯದಂಗಡಿಗೆ ಹೊರಟರು. ಟ್ಯೂಬಾ ಮೇಷ್ಟ್ರ ತೊಡೆಯ ಮೇಲೆ. ಚಪ್ಪಲಿಯನ್ನು ಹಾಕಿ ನೋಡದೆ ಕೊಳ್ಳುವುದುಂಟೆ? ಅಂಗಡಿಯವನು ಮೊದಲು ತೋರಿಸಿದ್ದು ಮೂರು ಕಾಲಿನದು. ಮಡಿಸಿದರೆ ಕೊಡೆಯಷ್ಟು, ಬೆಲೆಯೂ ಕಡಿಮೆ. ನಡುವಿನ ಮೆತ್ತನೆಯ ಕಂಬ ವಾದ್ಯದ ಬಾಯಿಯೊಳಗೆ ಹೋಗಿ ನಿಲ್ಲುತ್ತದೆ. "ಮೂರು ಕಾಲು ಸಾರ್, ಎಂಥ ನೆಲದಲ್ಲೂ ಕುಂಟಲ್ಲ" ಎಂದ. ಅದು ಸುಳ್ಳಲ್ಲ. ಒಲೆಗೆ ಮೂರೇ ಗುಂಡು ಇಡುವುದೂ ಅದಕ್ಕೇ ತಾನೆ?

ಅಪ್ಪ ಕಾರ್ಖಾನೆಯಲ್ಲಿ ಟರ್ನರ್. ಅವರ ಕಣ್ಣು ನೇರ ತಿರುಪಿನ ಮೇಲೆ ಬಿತ್ತು. ಭಾರ ಹೊರುವ ಜಾಗದಲ್ಲೇ ಪ್ಲಾಸ್ಟಿಕ್ ತಿರುಪು. ಮೇಷ್ಟ್ರು ಏನೂ ಹೇಳದೆ ಟ್ಯೂಬಾವನ್ನು ಅದರ ಮೇಲೆ ಕೂಡಿಸಿ, "ಒಂದು ಬೆರಳಲ್ಲಿ ತಳ್ಳಿ ನೋಡಮ್ಮ" ಎಂದರು. ಕಾಲಿರುವ ದಿಕ್ಕಿಗೆ ತಳ್ಳಿದಳು, ಅಲುಗಲಿಲ್ಲ. ಎರಡು ಕಾಲುಗಳ ನಡುವಿನ ಖಾಲಿಯ ಕಡೆಗೆ ತಳ್ಳಿದಳು. ಹಿಂದಿನ ಕಾಲು ಮೇಲೆದ್ದಿತು! ಅಂಗಡಿಯವನು ಎರಡೂ ಕೈಯಿಂದ ಅಪ್ಪಿ ಹಿಡಿದ.

ಹುಡುಗಿಗೆ ಆಗ ಶಾಲೆಯ ರೇಖಾಗಣಿತ ನೆನಪಾಯಿತು. ಬಿಲ್ಲಿನ ಹಿಂಬದಿಯಲ್ಲಿ ವೃತ್ತ ಬರೆದು ಒಳಗೊಂದು ಸಮಬಾಹು ತ್ರಿಭುಜ ಬರೆದಳು. ಕಾಲು 12 ಅಂಗುಲವೆಂದುಕೊಳ್ಳಿ. ಕೇಂದ್ರದಿಂದ ಮೂಲೆಗೆ 12 ಅಂಗುಲ, ಆದರೆ ಬಾಹುವಿಗೆ ಅದರ ಅರ್ಧ, ಬರೀ 6. ವಾದ್ಯದ ಗುರುತ್ವಕೇಂದ್ರ ಆ ಗೆರೆ ದಾಟಿತೋ, ಬಿದ್ದಂತೆಯೇ. ಅದೇ ಉದ್ದದ ನಾಲ್ಕು ಕಾಲಿದ್ದರೆ ಎಂಟೂವರೆ ಅಂಗುಲ. ಐದಿದ್ದರೆ ಒಂಬತ್ತೂಮುಕ್ಕಾಲಿಗೆ ಹತ್ತಿರ. ಆಫೀಸಿನ ತಿರುಗುವ ಕುರ್ಚಿಗೆ ಐದು ಕಾಲು ಇಡುವುದೂ ಇದೇ ಲೆಕ್ಕದಿಂದ. ಕುಂಟದೆ ಇರುವುದು ಬೇರೆ, ಬೀಳದೆ ಇರುವುದು ಬೇರೆ ಎಂದು ಪಾಠದಲ್ಲಿ ಯಾರೂ ಹೀಗೆ ಹೇಳಿರಲಿಲ್ಲ.

"ಹಾಗಾದ್ರೆ ಮೂರೇ ಕಾಲು, ಇನ್ನೂ ಉದ್ದದ್ದು ಕೊಡ್ಲಾ?" ಎಂದ ಅಂಗಡಿಯವನು. 17 ಅಂಗುಲದ ಕಾಲಿದ್ದರೆ ಅದೂ ಎಂಟೂವರೆಗೆ ಬರುತ್ತದೆ, ನಿಜ. ಆದರೆ ಇವರ ಹಜಾರದ ಅರ್ಧವನ್ನು ಕಾಲುಗಳೇ ನುಂಗುತ್ತವೆ. ತಮ್ಮ ಎಡವಿ ಬೀಳುತ್ತಾನೆ, ಜೊತೆಗೆ ಟ್ಯೂಬಾವೂ. ಕೊನೆಗೆ ಆರಿಸಿದ್ದು ನಾಲ್ಕು ಕಾಲಿನದು: ದಪ್ಪ ಕೊಳವೆ, ಲೋಹದ ತಿರುಪು, ಕಾಲಿಗೆ ರಬ್ಬರ್ ಬುಷ್, ಎತ್ತಲು ಸಾಕಷ್ಟು ಭಾರ. ಬೆಲೆ ಕೇಳಿ ಅಪ್ಪ ಒಂದು ಕ್ಷಣ ಸುಮ್ಮನೆ ನಿಂತರು. ಅವರ ಚಪ್ಪಲಿ, ಅಮ್ಮನ ಮಿಕ್ಸಿ ರಿಪೇರಿ ಎರಡೂ ಮುಂದಿನ ತಿಂಗಳಿಗೆ ಹೋದವು. "ಅಪ್ಪ, ಬೇಡ ಬಿಡಿ" ಎಂದಳು ಹುಡುಗಿ. ಅಪ್ಪ ಆಗಲೇ ದುಡ್ಡು ಎಣಿಸುತ್ತಿದ್ದರು.

ಮನೆಯ ನೆಲ ಸಮನಾಗಿರಲಿಲ್ಲ. ನಾಲ್ಕು ಕಾಲಿನದು ಚೂರು ಕುಂಟಿತು. ಅಪ್ಪ ಹಳೆಯ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಒಂದು ಕಾಲಿನಡಿ ಇಟ್ಟರು. ಟ್ಯೂಬಾಕ್ಕೆ ಟ್ಯೂಬಿನ ಆಸರೆ! ತಮ್ಮನನ್ನು ಕರೆದು ನಾಲ್ಕೂ ಕಡೆಯಿಂದ ತಳ್ಳಿಸಿ ನೋಡಿದ್ದಾಯಿತು.

ಮೇಷ್ಟ್ರು ಅಂಚನ್ನು ತಟ್ಟಿ ಸರಿಮಾಡಿದ್ದಾರೆ. ಬೆಳಕಿಗೆ ಹಿಡಿದರೆ ಒಂದು ಮಡಿಕೆಯ ಗೆರೆ ಇನ್ನೂ ಕಾಣುತ್ತದೆ. ಶನಿವಾರ ಮನೆಗೆ ಬರುವ ಟ್ಯೂಬಾ ಸೋಮವಾರ ಶಾಲೆಗೆ ಮರಳುತ್ತದೆ. ನಡುವಿನ ದಿನಗಳಲ್ಲಿ ಖಾಲಿ ಸ್ಟ್ಯಾಂಡಿನ ಮೇಲೆ ಅಮ್ಮ ಟವೆಲ್ ಒಣಗಿಸುತ್ತಾರೆ. ಶುಕ್ರವಾರ ರಾತ್ರಿ ಅವರೇ ನೆನಪಿಟ್ಟು ಅದನ್ನು ತೆಗೆದು, ಕಂಬದ ಧೂಳು ಒರೆಸಿಡುತ್ತಾರೆ.