ಮುತ್ಯಾನ ಮಳಿ ಲೆಕ್ಕ

ನಮ್ಮ ಮುತ್ಯಾ ತೀರಿಕೊಂಡಾಗ ನಾನು ಏಳನೇ ತರಗತಿಯಲ್ಲಿದ್ದೆ. ಅವನ ಟ್ರಂಕಿನಲ್ಲಿ ಎರಡು ಧೋತರ, ಒಂದು ಪಟಗಾ, ಗೆರೆ ಹಾಕಿದ ಒಂದು ಗಾಜಿನ ಕೊಳವೆ ಮತ್ತು ಒಂಬತ್ತು ನೋಟ್‌ಬುಕ್ಕುಗಳು ಸಿಕ್ಕವು. ಧೋತರಗಳನ್ನು ಯಾರಿಗೋ ಕೊಟ್ಟರು. ನೋಟ್‌ಬುಕ್ಕುಗಳಲ್ಲಿ ಎರಡನ್ನು ನಾನು ಗಣಿತದ ರಫ್ ಕೆಲಸಕ್ಕೆ ಇಟ್ಟುಕೊಂಡೆ. ಮುತ್ಯಾ ಹಾಳೆಯ ಒಂದೇ ಮಗ್ಗುಲಿಗೆ ಬರೆಯುತ್ತಿದ್ದ. ಖಾಲಿ ಇದ್ದ ಇನ್ನೊಂದು ಮಗ್ಗುಲನ್ನು ನಾನು ತುಂಬಿಸಿ, ಹಾಳೆ ಹರಿದು ಎಸೆಯುತ್ತಿದ್ದೆ. ಈಗ ನಾನು ಬಿಜಾಪುರ ಜಿಲ್ಲೆಯ ಒಣಬೇಸಾಯದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಎಸೆದ ಆ ಹಾಳೆಗಳಲ್ಲಿ ಏನಿತ್ತು ಎಂಬುದು ಈಗ ಗೊತ್ತಾಗುತ್ತಿದೆ.

ಅವುಗಳಲ್ಲಿ ಇದ್ದದ್ದು ಮಳೆಯ ಲೆಕ್ಕ. ದಿನಕ್ಕೊಂದು ಸಾಲು, ತಿಂಗಳಿಗೊಂದು ಹಾಳೆ.

ಮುತ್ಯಾ ವಿಜಯಪುರದ ಒಣಬೇಸಾಯ ಸಂಶೋಧನೆಯ ಹೊಲದಲ್ಲಿ ಕೂಲಿ ಮಾಡುತ್ತಿದ್ದ. ಬರ ನಮ್ಮ ಜಿಲ್ಲೆಗೆ ಹೊಸದಲ್ಲ. 1876-78ರ ಬರಗಾಲದ ನೆನಪು ಮನೆಮಾತಾಗಿ ಉಳಿದ ಸೀಮೆ ಇದು. 1930ರ ದಶಕದಲ್ಲಿ ಇಂಪೀರಿಯಲ್ ಕೃಷಿ ಸಂಶೋಧನಾ ಪರಿಷತ್ತು ದೇಶದಲ್ಲಿ ಐದು ಕಡೆ ಒಣಬೇಸಾಯದ ಕೇಂದ್ರಗಳನ್ನು ತೆರೆಯಿತು: ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ ಮತ್ತು ರೋಹ್ತಕ್. ಹೊಲಕ್ಕೆ ಒಡ್ಡು ಹಾಕುವುದು, ಕೆಲವು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೊಡೆಯುವುದು, ಸಾಲುಗಳ ನಡುವೆ ಅಂತರ ಹೆಚ್ಚಿಸುವುದು, ಮತ್ತೆ ಮತ್ತೆ ಎಡೆ ಹೊಡೆದು ಎರಿ ಮಣ್ಣಿನ ಬಿರುಕು ಮುಚ್ಚುವುದು. ಬಿದ್ದ ಹನಿ ಬಿದ್ದಲ್ಲೇ ನಿಲ್ಲಬೇಕು ಎನ್ನುವುದು ಇದರ ಒಟ್ಟು ತಿರುಳು. ಸ್ವಾತಂತ್ರ್ಯದ ನಂತರವೂ ಕೆಲಸ ನಡೆಯಿತು. 1970ರಲ್ಲಿ ಶುರುವಾದ ಅಖಿಲ ಭಾರತ ಒಣಬೇಸಾಯ ಯೋಜನೆಗೆ ಬಿಜಾಪುರವೂ ಒಂದು ಕೇಂದ್ರವಾಯಿತು. ಈ ಸಂಶೋಧನೆಯ ವರದಿಗಳಲ್ಲಿ ವಿಜ್ಞಾನಿಗಳ ಹೆಸರುಗಳಿವೆ. ಹೊಲದಲ್ಲಿ ನಿಂತು ಕುಂಟಿ ಹೊಡೆದವರ ಹೆಸರು ವರದಿಗಳಲ್ಲಿ ಬರುವುದಿಲ್ಲ. ಅದು ಯಾರ ತಪ್ಪೂ ಅಲ್ಲ, ವರದಿ ಬರೆಯುವ ರೀತಿಯೇ ಹಾಗೆ.

ಆ ಹೊಲದಲ್ಲಿ ದಿನಾ ಬೆಳಗ್ಗೆ ಎಂಟೂವರೆಗೆ ಮಳೆ ಅಳೆಯುವುದನ್ನು ಮುತ್ಯಾ ನೋಡಿ ಕಲಿತ. ಸಾಹೇಬರೊಬ್ಬರು ಬಳಕೆ ತಪ್ಪಿದ ಹಳೆಯ ಅಳತೆಗಾಜನ್ನು ಅವನಿಗೆ ಕೊಟ್ಟರಂತೆ. ಅಳತೆ ಸರಿ ಬರಬೇಕಾದರೆ ನೀರು ಹಿಡಿಯುವ ಡಬ್ಬಿಯ ಬಾಯಿ ಗಾಜಿಗೆ ತಕ್ಕಷ್ಟೇ ಅಗಲ ಇರಬೇಕು. ಅದನ್ನೂ ತಿಳಿದುಕೊಂಡು, ತಗಡಿನ ಡಬ್ಬಿ ಮಾಡಿಸಿ, ತಿಕೋಟಾ ಹತ್ತಿರದ ನಮ್ಮ ಊರಿನ ಹಿತ್ತಲಲ್ಲಿ ನೆಟ್ಟ. ಸರಕಾರ ಮಿಲಿಮೀಟರಿಗೆ ಬಂದ ಮೇಲೂ ಅವನ ಲೆಕ್ಕ ಕೊನೆಯ ತನಕ ಇಂಚು-ಸೆಂಟಿನಲ್ಲೇ ನಡೆಯಿತು. ನೂರು ಸೆಂಟು ಕೂಡಿದರೆ ಒಂದು ಇಂಚು, ಅಂದರೆ 25.4 ಮಿ.ಮೀ. ತಾರೀಖಿನ ಪಕ್ಕದಲ್ಲಿ ಮಿರಗ, ಹುಬ್ಬಿ, ಉತ್ತರಿ, ಹಸ್ತ ಎಂದು ಮಳೆಯ ಹೆಸರನ್ನೂ ಬರೆಯುತ್ತಿದ್ದ.

ಈ ಲೆಕ್ಕದ ಬಗ್ಗೆ ಹೇಳಿದಾಗ ನನ್ನ ಮಾರ್ಗದರ್ಶಕರು ಮೊದಲು ಕೇಳಿದ್ದು, “ವಾರವೆಲ್ಲ ಹೊಲದಲ್ಲಿರುವ ಮನುಷ್ಯ ಊರಿನ ಮಳೆಯನ್ನು ದಿನಾ ಹೇಗೆ ಅಳೆದ?” ಎಂದು. ನನಗೆ ಉತ್ತರ ಹೊಳೆಯಲಿಲ್ಲ. ಊರಿಗೆ ಹೋಗಿ ಆಯಿಯನ್ನು ಕೇಳಿದೆ.

“ಅವಾ ಎಲ್ಲಿ ಅಳದಾನ? ನಾ ಅಳೀತಿದ್ದೆ” ಎಂದಳು.

ಆಯಿಗೆ ಓದು ಬರಹ ಬಾರದು. ದಿನಾ ಬೆಳಗ್ಗೆ ಡಬ್ಬಿಯ ನೀರನ್ನು ಗಾಜಿಗೆ ಸುರಿದು, ನೀರು ಎಷ್ಟು ಗೆರೆ ಮುಟ್ಟಿತೋ ಅಷ್ಟು ಗೆರೆಗಳನ್ನು ಇದ್ದಲಿಯಿಂದ ಅಡುಗೆಮನೆಯ ಗೋಡೆಯ ಮೇಲೆ ಎಳೆಯುತ್ತಿದ್ದಳಂತೆ. ಹತ್ತಕ್ಕೊಂದು ಉದ್ದ ಗೆರೆ. ಮಳೆ ಇಲ್ಲದ ದಿನಕ್ಕೆ ಒಂದು ಚುಕ್ಕೆ. ಶನಿವಾರ ರಾತ್ರಿ ಮುತ್ಯಾ ಬಂದು ಗೋಡೆ ನೋಡಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ. ರವಿವಾರ ಅವಳು ಗೋಡೆ ಸಾರಿಸುತ್ತಿದ್ದಳು. 1961ರಿಂದ ಮುತ್ಯಾನ ಕೂಲಿ ಮುಗಿಯುವ ತನಕ ಹೀಗೆ ನಡೆದಿದೆ. ನಾನು ಅಷ್ಟು ದಿನ ‘ಮುತ್ಯಾನ ಮಳಿ ಲೆಕ್ಕ’ ಎಂದೇ ಹೇಳಿಕೊಂಡು ತಿರುಗಿದ್ದೆ.

ವಿಜಯಪುರದಲ್ಲಿ ಓದಿದ ಯಾರಿಗೂ ಫ.ಗು. ಹಳಕಟ್ಟಿಯವರ ಕಥೆ ಗೊತ್ತಿರುತ್ತದೆ. ಇಲ್ಲಿ ವಕೀಲರಾಗಿದ್ದ ಅವರು ಮನೆ ಮನೆ ತಿರುಗಿ ವಚನಗಳ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು, 1925ರಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ‘ಶಿವಾನುಭವ’ ಪತ್ರಿಕೆ ಶುರುಮಾಡಿದರು. ಜುಲೈ 2, ಅವರು ಹುಟ್ಟಿದ ದಿನ, ನಮಗೆಲ್ಲ ಭಾಷಣದ ದಿನ. ನಾನೂ ಬಾಯಿಪಾಠ ಮಾಡಿ ಹೇಳಿದ್ದೇನೆ. ಆದರೆ ಆ ಓಲೆಗಳನ್ನು ಜಗಲಿಯಿಂದ ಎತ್ತಿ ಕೊಟ್ಟವರ ಬಗ್ಗೆ ನಾನು ಯೋಚಿಸಿರಲಿಲ್ಲ. ಪೂಜೆಗೆ ಇಟ್ಟದ್ದನ್ನು ಪರರ ಕೈಗೆ ಕೊಡುವುದು ಸಣ್ಣ ಮಾತಲ್ಲ. ಇನ್ನೊಂದು ಕಥೆಯೂ ಇದೇ ಊರಿನದು. ಆಸಾರ್ ಮಹಲಿನಲ್ಲಿದ್ದ ಅರಬ್ಬಿ-ಪಾರ್ಸಿ ಹಸ್ತಪ್ರತಿಗಳು 1853ರಲ್ಲಿ ಲಂಡನ್ನಿಗೆ ಹೋದವು. ಅವು ಅಲ್ಲಿ ಚೆನ್ನಾಗಿಯೇ ಇವೆ, ಅವಕ್ಕೆ ಸೂಚಿಯೂ ಇದೆ. ಆದರೆ ಆಸಾರ್ ಮಹಲಿನ ಮುಂದಿನ ಹೊಂಡದ ಕಟ್ಟೆಯ ಮೇಲೆ ಕೂತ ವಿದ್ಯಾರ್ಥಿಗೆ ಅವು ಸಿಗುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕಿ, ಮುತ್ಯಾನ ನೋಟ್‌ಬುಕ್ಕುಗಳನ್ನು ನಗರದ ಒಂದು ಗ್ರಂಥಾಲಯಕ್ಕೇ ಕೊಡಬೇಕು ಎಂದು ನಿರ್ಧರಿಸಿದೆ.

ಉಳಿದ ಏಳರಲ್ಲಿ ಮೂರು ಊರಲ್ಲಿದ್ದವು. ನಾಲ್ಕು ಬಬಲೇಶ್ವರದಲ್ಲಿ, ನನ್ನ ಅತ್ತಿಯ ಮನೆಯಲ್ಲಿ. ಅಪ್ಪನ ಅಕ್ಷರ ಎಂದು ಅವಳು ರೇಷ್ಮೆ ಸೀರೆಯ ಕೆಳಗೆ ಮಡಿಸಿ ಇಟ್ಟಿದ್ದಳು. ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ನಾನು ಹಾಳೆ ತಿರುವುವುದನ್ನೇ ನೋಡುತ್ತಿದ್ದಳು. 1972ರ ಸೆಪ್ಟೆಂಬರಿಗೆ ಬಂದಾಗ ಅವಳ ಕೈ ಹಾಳೆಯ ಮೇಲೆ ಬಂತು.

ಬರದ ವರ್ಷ ಅದು. ಆ ಹಾಳೆಯಲ್ಲಿ ಹತ್ತು ದಿನದ ಸಾಲುಗಳು ಖಾಲಿ. ಅಂಚಿನಲ್ಲಿ ಮೂರು ಸಾಲು ಬರಹ. ಮೊದಲ ಸಾಲಿನಲ್ಲಿ ಹಿರಿಯ ಮಗಳ ಹೆಸರು, ಬಾವಿಯಲ್ಲಿ ಬಿದ್ದು ಹೋದಳು ಎಂದು. ಎರಡನೆಯದು, “ನೀರಿಗೆ ನಾನೇ ಕಳಿಸಿದೆ.” ಮೂರನೆಯದು, “ಇವಳು ಅಳತೆ ಮಾಡಲು ಒಲ್ಲಳು.”

ನನ್ನ ಅಪ್ಪನಿಗೆ ಒಬ್ಬ ಅಕ್ಕ ಇದ್ದಳು, ಜ್ವರ ಬಂದು ಹೋದಳು ಎಂದಷ್ಟೇ ನನಗೆ ಗೊತ್ತಿತ್ತು. ಅಪ್ಪನಿಗೂ ಅಷ್ಟೇ ಗೊತ್ತು.

“ಈ ಬುಕ್ಕ ಒಯ್ಯಬ್ಯಾಡವಾ” ಎಂದಳು ಅತ್ತಿ. “ಆವಾಗ ಊರ ಮಂದಿ ಅಕಿ ತಾನ ಬಿದ್ದಾಳ ಅಂದ್ರು. ಅಪ್ಪ ಆಮ್ಯಾಗ ಆ ಬಾವಿ ನೀರು ಮುಟ್ಟಲಿಲ್ಲ. ಮನಿ ಸಂಕಟ ಲೈಬ್ರರ್‍ಯಾಗ ಇಡೂದೇನ?” ಸ್ವಲ್ಪ ಹೊತ್ತಿನ ಮೇಲೆ ಅವಳೇ ಒಂದು ದಾರಿ ಹೇಳಿದಳು: “ಬೇಕಾದ್ರ ಆ ಒಂದು ಹಾಳಿ ಹರದ ಒಯ್ಯಿ.”

ಹಾಳೆ ಹರಿಯುವುದು ನನಗೆ ಗೊತ್ತಿದ್ದ ಕೆಲಸವೇ. ನಿಜ ಹೇಳಬೇಕೆಂದರೆ ಆಗ ನನಗೂ ಅದೇ ಸರಿ ಅನ್ನಿಸಿತು. ನಾಲ್ಕನ್ನೂ ಅಲ್ಲೇ ಬಿಟ್ಟು ವಿಜಯಪುರದ ಬಸ್ಸು ಹತ್ತಿದೆ. ಸಾವಿರಾರು ದಿನಗಳ ಲೆಕ್ಕದಲ್ಲಿ ಒಂದು ತಿಂಗಳು ಹೋದರೆ ಏನಾದೀತು? ಆದರೆ ಬರದ ವರ್ಷದ ಸೆಪ್ಟೆಂಬರ್ ನಮ್ಮ ಸೀಮೆಗೆ ಬರೀ ಒಂದು ತಿಂಗಳಲ್ಲ. ಹಿಂಗಾರಿ ಜೋಳದ ಬಿತ್ತನೆ ನಿಲ್ಲುವುದೋ ನಡೆಯುವುದೋ ತೀರ್ಮಾನವಾಗುವ ತಿಂಗಳು. ಹಾಳೆ ಉಳಿಸಿಕೊಂಡು ಅಂಚಿನ ಬರಹ ಮಾತ್ರ ಮುಚ್ಚಿದರೆ ಇನ್ನೊಂದು ತೊಂದರೆ. ಮುಂದೆ ಯಾರಾದರೂ ಈ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸುವಾಗ ಆ ಹತ್ತು ಖಾಲಿ ಸಾಲುಗಳನ್ನು ಏನೆಂದು ಓದುತ್ತಾರೆ? ಬರಗಾಲ ಅಲ್ಲವೇ, ಸೊನ್ನೆ ಎಂದು ಹಾಕುತ್ತಾರೆ.

ಮತ್ತೆ ಊರಿಗೆ ಹೋದೆ. ಎಂಬತ್ತೈದು ದಾಟಿದ ಆಯಿ ಪಡಸಾಲೆಯಲ್ಲಿ ಕೂತಿದ್ದಳು. ಹೇಗೆ ಕೇಳಬೇಕೋ ತಿಳಿಯದೆ ಮಳೆಯಿಂದಲೇ ಶುರುಮಾಡಿದೆ.

“ಆಯಿ, ದೊಡ್ಡತ್ತಿ ಹೋದ ಆ ಹತ್ತು ದಿನ ಮಳಿ ಇರಲಿಲ್ಲೇನು?”

ಅವಳು ಬಹಳ ಹೊತ್ತು ಸುಮ್ಮನಿದ್ದಳು. “ಇತ್ತವಾ. ಉತ್ತರಿ ಮಳಿ. ಎರಡು ರಾತ್ರಿ ಬಿತ್ತು. ತಗಡಿನ ಡಬ್ಬಿ ಸಪ್ಪಳ ಒಳಗ ಕೇಳತಿತ್ತು. ನಾ ಎದ್ದು ಹೋಗಲಿಲ್ಲ.”

ಅತ್ತಿ ಹೇಳಿದ ಮಾತನ್ನು ಹೇಳಿದೆ. ಹಾಳೆ ಹರಿಯಲೇನು ಎಂದು ಕೇಳಿದೆ.

“ಹರದು ಏನ ಮಾಡ್ತಿ? ಅಕಿ ಹೆಸರು ಮತ್ತ ಎಲ್ಲಿ ಐತಿ? ಫೋಟೋ ಇಲ್ಲ, ಕಾರ್ಡಿನ್ಯಾಗ ಇಲ್ಲ. ಸಾಲಿಗೂ ಹಾಕಿರಲಿಲ್ಲ.” ಆಮೇಲೆ ಹೇಳಿದಳು, “ಅವರ ಅಪ್ಪ ಬರದಾನಲ್ಲ, ಇರಲಿ.”

ಆಯಿಯೇ ಫೋನಿನಲ್ಲಿ ಅತ್ತಿಯ ಜೊತೆ ಮಾತಾಡಿದಳು. ಅತ್ತಿ ಪೂರ್ತಿ ಒಪ್ಪಲಿಲ್ಲ, ಬೇಡವೆಂದೂ ಅನ್ನಲಿಲ್ಲ. ಕೊನೆಗೆ ಹೀಗಾಯಿತು: ಆ ಹಾಳೆ ನೋಟ್‌ಬುಕ್ಕಿನಲ್ಲಿ ಹಾಗೇ ಇರುತ್ತದೆ, ಆದರೆ ಆಯಿ ಮತ್ತು ಅತ್ತಿ ಇರುವ ತನಕ ಓದುಗರಿಗೆ ಅದನ್ನು ತೋರಿಸುವಂತಿಲ್ಲ. ಅದರ ಬದಲು ಒಂದು ಚೀಟಿ ಇರುತ್ತದೆ. “ಈ ಹತ್ತು ದಿನಗಳಲ್ಲಿ ಮಳೆ ಆಗಿದೆ. ಅಳೆದಿಲ್ಲ.” ಅಪ್ಪನಿಗೆ ನಾನೇ ಹೇಳಿದೆ. ಅವರು ಏನೂ ಅನ್ನದೆ ಹೊಲದ ಕಡೆ ಹೋದರು. ಸಂಜೆ ಬಂದು, “ಅಕಿ ಎಷ್ಟು ವರ್ಷದಾಕಿ ಇದ್ದಳು?” ಎಂದು ಆಯಿಯನ್ನು ಕೇಳಿದರು. ಈ ಬರಹವನ್ನೂ ಅತ್ತಿಗೆ ಓದಿ ಹೇಳಿದ್ದೇನೆ. ಊರಿನ ಹೆಸರು ತೆಗೆ ಎಂದಳು, ತೆಗೆದಿದ್ದೇನೆ.

ಕಳೆದ ತಿಂಗಳು ಏಳು ನೋಟ್‌ಬುಕ್ಕುಗಳನ್ನು ಕೊಟ್ಟು ಬಂದೆ. ಗಾಜಿನ ಕೊಳವೆ ಆಯಿ ಕೊಡಲಿಲ್ಲ. ಗ್ರಂಥಾಲಯದ ಫಾರ್ಮಿನಲ್ಲಿ ‘ಬರೆದವರು’ ಎಂಬ ಸಾಲಿತ್ತು, ಮುತ್ಯಾನ ಹೆಸರು ಹಾಕಿದೆ. ‘ಅಳೆದವರು’ ಎಂಬ ಸಾಲು ಇರಲಿಲ್ಲ. ಪೆನ್ನಿನಿಂದ ಗೆರೆ ಎಳೆದು ಆಯಿಯ ಹೆಸರು ಬರೆದೆ. ಕೊನೆಗೆ ‘ಷರಾ’ ಎಂದಿತ್ತು. ಅಲ್ಲಿ ಇಷ್ಟು ಬರೆದೆ: 1964ರಿಂದ 1969ರವರೆಗಿನ ಎರಡು ನೋಟ್‌ಬುಕ್ಕುಗಳು ಇಲ್ಲ. ಆ ವರ್ಷಗಳಲ್ಲೂ ಅಳತೆ ತಪ್ಪಿಲ್ಲ. ಹಾಳೆ ಹರಿದವಳು ಮೊಮ್ಮಗಳು.