ಸಹಿ ಇಲ್ಲದ ಹೆಸರುಗಳು

ನಮ್ಮಂಥವರು ಜೀವಮಾನದಲ್ಲಿ ಒಮ್ಮೆ ಜಾಗ ಕೊಳ್ಳುತ್ತೇವೆ. ಗಲ್ಫ್‌ನಲ್ಲಿ ದುಡಿದ ತಮ್ಮನ ಉಳಿತಾಯಕ್ಕೆ ನಮ್ಮದನ್ನೂ ಸೇರಿಸಿ ಐದು ಸೆಂಟ್ಸ್ ಜಾಗ ನೋಡಿದೆವು. ದರ ಕಡಿಮೆಯಿತ್ತು. ಎರಡೇ ದಿನದಲ್ಲಿ ಮುಂಗಡ ಕೊಡಿ ಎಂದು ಬ್ರೋಕರ್ ಅವಸರಪಡಿಸಿದರು. ಅವಸರ ಮಾರುವವರಿಗಿರಬಹುದು, ಕೊಳ್ಳುವವರಿಗೇಕೆ?

ಕಾಗದಪತ್ರ ಕೇಳಿದೆವು. ಪಹಣಿಯಲ್ಲಿ ಅದು ಕೃಷಿ ಜಮೀನು. ಮನೆ ಕಟ್ಟಲು ಬೇಕಾದ ಭೂಪರಿವರ್ತನೆಯ ಆದೇಶವಿರಲಿಲ್ಲ. “ಸದ್ಯಕ್ಕೆ ಜಿಪಿಎ ಮಾಡಿಕೊಳ್ಳಿ” ಎಂದರು. ಜಿಪಿಎ ಮೂಲಕ ನಡೆಯುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕ್ರಯಪತ್ರ ನೋಂದಣಿಯಾಗಲೇಬೇಕು.

ಋಣಭಾರ ಪತ್ರದಲ್ಲಿ ಯಾವ ಸಾಲವೂ ಕಾಣಲಿಲ್ಲ. ಆದರೆ ನೋಂದಣಿಯಾದ ವ್ಯವಹಾರಗಳಷ್ಟೇ ಅದರಲ್ಲಿ ಬರುತ್ತವೆ. ಮನೆಯೊಳಗಿನ ಹಕ್ಕು ಬರುವುದಿಲ್ಲ. ಆದ್ದರಿಂದ ವಂಶವೃಕ್ಷವನ್ನೂ ನೋಡಿದೆವು. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು. ಕರಾರುಪತ್ರದಲ್ಲಿ ಅವರ ಸಹಿ ಇರಲಿಲ್ಲ.

“ಮದುವೆಯಾಗಿ ಹೋದವರು, ತಕರಾರು ಮಾಡುವುದಿಲ್ಲ” ಎಂಬ ಉತ್ತರ ಬಂತು. 2005ರ ತಿದ್ದುಪಡಿಯ ನಂತರ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಮುಸ್ಲಿಮರಲ್ಲಿ ಮಗಳ ಪಾಲು ಮೊದಲಿನಿಂದಲೂ ನಿಗದಿಯಾಗಿದೆ. ಆದರೂ ಎರಡೂ ಕಡೆ ಸಹೋದರಿಯರ ಮೌನವನ್ನೇ ಒಪ್ಪಿಗೆಯೆಂದು ತಿಳಿಯುವವರಿದ್ದಾರೆ.

ಅವರಿಬ್ಬರೂ ಬಂದು ಸಹಿ ಹಾಕಲಿ, ಅವರ ಪಾಲಿನ ಹಣ ಅವರ ಕೈಗೇ ಕೊಡುತ್ತೇವೆ ಎಂದೆವು. ಮತ್ತೆ ಆ ಕಡೆಯಿಂದ ಫೋನ್ ಬರಲಿಲ್ಲ. ಜಾಗ ಕೈತಪ್ಪಿತೆಂದು ಬಂಧುಗಳು ಮರುಗಿದರು.

ಕೊಳ್ಳುವಾಗ ವಕೀಲರಿಗೆ ಕಾಗದ ತೋರಿಸಿ, ಸರ್ವೇಯರ್ ಕರೆಸಿ ಗಡಿ ಅಳೆಸಿ. ಜೊತೆಗೆ ಸಹಿ ಹಾಕದವರು ಯಾರೆಂದೂ ಕೇಳಿ. ಕೋರ್ಟಿನ ಭಯ ಒಂದು ಕಡೆಗಿರಲಿ. ಯಾರದೋ ಹಕ್ಕಿನ ಮೇಲೆ ಅಡಿಪಾಯ ಹಾಕಿದ ಮನೆಯಲ್ಲಿ ನೆಮ್ಮದಿಯ ನಿದ್ದೆ ಬಂದೀತೇ?