ಕತ್ತಿ ಅದ್ದಿ ನೋಡಿದ್ಯಾ?

ಮೈಲುತುತ್ತ ಅಂದ್ರೆ ಏನು ಅಂತ ಅಡಿಕೆ ತೋಟ ಇರೋರಿಗೆ ಹೇಳಬೇಕಾಗಿಲ್ಲ. ಮಿಕ್ಕವರಿಗೆ: ಅದು ತಾಮ್ರದ ಸಲ್ಫೇಟು. ನೋಡೋಕೆ ನೀಲಿ ಕಲ್ಲುಸಕ್ಕರೆ, ಬಾಯಿಗೆ ಹಾಕಿದರೆ ವಿಷ. ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಮುಂಗಾರಿಗೆ ಮೊದಲು ಅದರ ಚೀಲ ಬಂತೆಂದರೆ ಅಪ್ಪಯ್ಯನಿಗೆ ಕೊಳೆರೋಗದ ಚಿಂತೆ, ನನಗೆ ಹಬ್ಬ.

ಹೈಸ್ಕೂಲಿನಲ್ಲಿದ್ದಾಗ ಅದರಲ್ಲಿ ಒಂದೆರಡು ಹಿಡಿ ಕದ್ದು ಕೊಟ್ಟಿಗೆ ಮೂಲೆಯಲ್ಲಿ ಹರಳು ಬೆಳೆಸುತ್ತಿದ್ದೆ. ನೂರು ಮಿಲಿ ತಣ್ಣೀರಿಗೆ ಮೂವತ್ತು ಚಿಲ್ಲರೆ ಗ್ರಾಂ ಹಾಕುವಷ್ಟರಲ್ಲಿ ಕರಗದೆ ತಳದಲ್ಲಿ ಉಳಿಯೋಕೆ ಶುರುವಾಗುತ್ತೆ. ಕುದಿಯೋ ನೀರಿನಲ್ಲಾದರೆ 200 ಗ್ರಾಂ ಹತ್ತಿರ ಕರಗುತ್ತೆ. ಆರುತ್ತಾ ಬಂದಂತೆ, ನೀರಿನ ಕೈಲಿ ಹಿಡಿದಿಟ್ಟುಕೊಳ್ಳಲಾಗದ್ದು ಇಳಿಬಿಟ್ಟ ನೂಲಿಗೆ ಹರಳಾಗಿ ಕೂರುತ್ತದೆ. ಅಡುಗೆ ಉಪ್ಪಿನಲ್ಲಿ ಇದೇ ಆಟ ಆಡಲು ಹೋಗಿ ಸೋತೆ. ಅದು ತಣ್ಣೀರಲ್ಲಿ 36 ಗ್ರಾಂ, ಕುದಿನೀರಲ್ಲಿ 39. ಆರಿಸಿ ಪ್ರಯೋಜನವಿಲ್ಲ, ನೀರನ್ನೇ ಒಣಗಿಸಬೇಕು. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ಮಾಡೋದೂ ಅದನ್ನೇ.

ಹೊಸ ಲವಣ ತಯಾರಿಸೋದರ ಗುಟ್ಟೂ ಈ ಕರಗುವ ಗುಣದಲ್ಲೇ ಇದೆ. ಮೈಲುತುತ್ತದ ನೀರಿಗೆ ವಾಷಿಂಗ್ ಸೋಡಾ ನೀರು ಹೊಯ್ದರೆ ಹಸಿರು ಬೆರೆತ ನೀಲಿ ಗಸಿ ಇಳಿಯುತ್ತದೆ. ಪಠ್ಯದಲ್ಲಿ ಅದಕ್ಕೆ ಪ್ರಕ್ಷೇಪ ಅಂತಾರೆ. ಅದು ತಾಮ್ರದ ಕಾರ್ಬೊನೇಟು. ಸೋಡಿಯಂ ಸಲ್ಫೇಟು ನೀರಲ್ಲೇ ಉಳಿಯುತ್ತೆ. ನೀರು ಬಗ್ಗಿಸಿ, ನಾಲ್ಕು ಸಲ ತೊಳೆದು, ಹಳೇ ಪಂಚೆ ತುಂಡಲ್ಲಿ ಸೋಸಿದರೆ ಮುಗೀತು. ಎರಡೂ ಕರಗುವಂಥವಾಗಿದ್ದರೆ ಬಾಟ್ಲಿಯಲ್ಲಿ ಇರುತ್ತಿದ್ದುದು ಬರೀ ಕಲಬೆರಕೆ ನೀರು.

ಪಿಯುಸಿ ಸೈನ್ಸ್ ಸೇರಿದ ಮೇಲೆ ನನಗೆ ಎಲ್ಲ ಗೊತ್ತು ಅನ್ನಿಸಿಬಿಟ್ಟಿತು. ಆ ವರ್ಷ ಬೋರ್ಡೋ ದ್ರಾವಣ ಕಲಸೋದು ನನ್ನ ಕೆಲಸ ಅಂದೆ. 50 ಲೀಟರ್ ನೀರಲ್ಲಿ ಒಂದು ಕೆಜಿ ಮೈಲುತುತ್ತ, ಇನ್ನೊಂದು 50 ಲೀಟರಲ್ಲಿ ಒಂದು ಕೆಜಿ ಸುಣ್ಣ. ಸುಣ್ಣದ ನೀರಿಗೆ ಮೈಲುತುತ್ತದ ನೀರು ಸುರಿಯುತ್ತಾ ಕಲಕಬೇಕು. ಆಮೇಲೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡಬೇಕು. ಕಬ್ಬಿಣಕ್ಕೆ ಕೆಂಪು ಹತ್ತಿದರೆ ತಾಮ್ರ ಇನ್ನೂ ಕರಗಿದ ಸ್ಥಿತಿಯಲ್ಲೇ ಇದೆ, ಸುಣ್ಣ ಸಾಲದು ಅಂತ ಅರ್ಥ.

"ಕತ್ತಿ ಅದ್ದಿ ನೋಡಿದ್ಯಾ?" ಅಪ್ಪಯ್ಯ ತೋಟದ ಆಚೆಯಿಂದ ಕೂಗಿದರು.

"ಹೂಂ" ಅಂದೆ. ನೋಡಿರಲಿಲ್ಲ. ತೂಕ ಹಾಕಿದ್ದೇನಲ್ಲ, ಕತ್ತಿ ಯಾಕೆ?

ಮೊದಲ ಡ್ರಮ್ಮು ಖಾಲಿಯಾಯಿತು. ಎರಡನೆಯದಕ್ಕೆ ಅಪ್ಪಯ್ಯ ತಾವೇ ಬಂದು ಕತ್ತಿ ಅದ್ದಿದರು. ಸ್ವಲ್ಪ ಹೊತ್ತಿಗೆ ಅಲಗು ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿತು. ಸುಣ್ಣದ ಚೀಲ ಹಿಂದಿನ ವರ್ಷದಿಂದ ಬಾಯಿ ತೆರೆದೇ ಬಿದ್ದಿತ್ತು. ಗಾಳಿ ತಾಗಿ ಅದರಲ್ಲಿ ಎಷ್ಟೋ ಪಾಲು ಸೀಮೆಸುಣ್ಣದಂತಾಗಿತ್ತು. ತಕ್ಕಡಿಗೆ ಅದೂ ಒಂದು ಕೆಜಿಯೇ.

ಬೋರ್ಡೋದಲ್ಲಿ ಕೆಲಸ ಮಾಡೋದು ಕರಗದ ತಾಮ್ರ. ಕರಗುವಂಥದ್ದಾದರೆ ಮಲೆನಾಡಿನ ಮಳೆಗೆ ಒಂದೇ ದಿನಕ್ಕೆ ತೊಳೆದುಹೋಗುತ್ತೆ. ಕರಗದ್ದು ಕೊನೆಗೆ ಅಂಟಿಕೊಂಡು, ಚೂರುಚೂರೇ ತಾಮ್ರ ಬಿಟ್ಟುಕೊಡುತ್ತಾ ರೋಗ ತಡೆಯುತ್ತೆ. 1910ರ ಆಸುಪಾಸಿನಲ್ಲಿ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಇದನ್ನು ನಮ್ಮ ಮಲೆನಾಡಿನ ಅಡಿಕೆಗೆ ಹೊಂದಿಸಿಕೊಟ್ಟರು. ಅದಕ್ಕೆ ಮೊದಲಿನಿಂದಲೂ ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಆದರೆ ಸುಣ್ಣ ಸಾಲದೆ ಕರಗಿಯೇ ಉಳಿದ ತಾಮ್ರ ಎಳೆಕಾಯನ್ನೇ ಸುಡುತ್ತದೆ. ಮೊದಲ ಡ್ರಮ್ಮಿನದು ಹೊಡೆದ ಮರಗಳಲ್ಲಿ ಕೆಲವೇ ದಿನಕ್ಕೆ ಕಾಯಿ ಕಪ್ಪು ಚುಕ್ಕೆಯಾಗಿ ಉದುರತೊಡಗಿದವು.

ಅಪ್ಪಯ್ಯ ಬೈಯಲಿಲ್ಲ. ಕೊನೆಗಾರನ ಎದುರಿಗೆ "ಸುಣ್ಣ ಹಳೇದು" ಅಂದರು, ಅಷ್ಟೇ. ನನ್ನ "ಹೂಂ" ಬಗ್ಗೆ ಇವತ್ತಿನವರೆಗೂ ಮಾತೆತ್ತಿಲ್ಲ.

ಈಗ ಬೆಂಗಳೂರಿನ ಬಾಲ್ಕನಿಯಲ್ಲಿ ಮಗಳಿಗೆ ನೀಲಿ ಹರಳು ಬೆಳೆಸೋದು ಕಲಿಸುತ್ತಿದ್ದೇನೆ. ಕೈಗೆ ಗ್ಲೌಸು, ಅಡುಗೆ ಪಾತ್ರೆ ಮುಟ್ಟುವಂತಿಲ್ಲ. ಹೋದ ಮಳೆಗಾಲಕ್ಕೆ ಮೊದಲು ಊರಿಗೆ ಹೋದಾಗ ದ್ರಾವಣ ನಾನೇ ಕಲಸಿದೆ. ಅಪ್ಪಯ್ಯನಿಗೆ ಈಗ ತೋಟಕ್ಕೆ ಇಳಿಯೋಕಾಗಲ್ಲ. ಜಗುಲಿಯಿಂದಲೇ ಕೇಳಿದರು, "ಕತ್ತಿ ಅದ್ದಿ ನೋಡಿದ್ಯಾ?"

ನೋಡಿದ್ದೆ. ಆದರೂ ಇನ್ನೊಮ್ಮೆ ಅದ್ದಿ, ಕತ್ತಿಯನ್ನು ಜಗುಲಿಗೇ ಒಯ್ದು ತೋರಿಸಿದೆ.